ನಮ್ಮ ಅತ್ತೆ ಓದಿದ ಮಂಗಳ ಗ್ರಹ

ಪುಸ್ತಕ ಬರೆದವನು "ನಿಮ್ಮ ಮುಕ್ತ ಅಭಿಪ್ರಾಯ ತಿಳಿಸಿ" ಎಂದರೆ ದಯವಿಟ್ಟು ನಂಬಬೇಡಿ. ಅವನಿಗೆ ಬೇಕಿರುವುದು ಹೊಗಳಿಕೆ; ಅದನ್ನು ಮುಕ್ತವಾಗಿ ಕೊಡಿ ಎಂದಷ್ಟೇ ಅವನ ಮಾತಿನ ಅರ್ಥ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆ ವಾಕ್ಯವನ್ನು ನಾನೇ ನನ್ನ ಪುಸ್ತಕದ ಬೆನ್ನಿಗೆ ಅಚ್ಚು ಹಾಕಿಸಿ, ಕೆಳಗೆ ಫೋನ್ ನಂಬರನ್ನೂ ಕೊಟ್ಟವನು. ಪುಸ್ತಕ ಎಂದೊಡನೆ ನೀವು ಗೌರವದಿಂದ ಕಾದಂಬರಿಯನ್ನೋ ಕವನ ಸಂಕಲನವನ್ನೋ ಊಹಿಸಿಕೊಂಡಿರಬಹುದು. ಅದು ಕಾಮಿಕ್ಸು. ಅದರಲ್ಲೂ ವೈಜ್ಞಾನಿಕ ಕಾಮಿಕ್ಸು. ಐವತ್ತಮೂರು ವರ್ಷದ, ಅರ್ಧ ತಲೆ ಬೋಳಾದ ಗಂಡಸೊಬ್ಬ ಮನೆಯಲ್ಲಿ ಕೂತು ಮಂಗಳ ಗ್ರಹದ ಚಿತ್ರ ಬರೆಯುತ್ತಾನೆ ಎಂದು ಗೊತ್ತಾದರೆ ಜನ ಮೊದಲು ಅವನ ಮುಖ ನೋಡುತ್ತಾರೆ, ಆಮೇಲೆ ಅವನ ಹೆಂಡತಿಯ ಮುಖವನ್ನು ಕನಿಕರದಿಂದ ನೋಡುತ್ತಾರೆ.

ನಾನು ಧಾರವಾಡದವನು. ಪುಣೆಗೆ ಬಂದು, ನಿಗಡಿಯಲ್ಲಿ ಮನೆ ಮಾಡಿ, ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಾ ಇಪ್ಪತ್ತೆಂಟು ವರ್ಷವಾಯಿತು. ಪಂಪಿನ ನಕ್ಷೆಯಲ್ಲಿ ಮನುಷ್ಯರಿಗೆ ಜಾಗವಿಲ್ಲ. ಅಳತೆ ಇರುತ್ತದೆ, ಬಾಣದ ಗುರುತು ಇರುತ್ತದೆ, ಮೂಲೆಯಲ್ಲಿ ಸಹಿ ಇರುತ್ತದೆ. ಈ ಪಂಪನ್ನು ಯಾರು ಚಾಲೂ ಮಾಡುತ್ತಾರೆ, ಅವರ ಹೆಸರೇನು, ಅವರಿಗೆ ಕಾಲು ನೋಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಅದಕ್ಕೇ ಇರಬೇಕು, ಒಂದು ಭಾನುವಾರ ನಾನು ಪಂಪೊಂದನ್ನು ಬರೆದು ಅದರ ಪಕ್ಕದಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿದೆ. ಅವಳ ಹೆಸರು ನೀಲಾ-9. ಮಂಗಳ ಗ್ರಹದ ಮೇಲೆ ದೊಡ್ಡದೊಂದು ಗಾಜಿನ ಗುಮ್ಮಟದೊಳಗೆ ಜನ ವಾಸವಾಗಿದ್ದಾರೆ. ನೆಲದಡಿಯ ನೀರನ್ನು ಮೇಲೆತ್ತುವ ಕೆಲಸ ಅವಳದು. ಬಿರುಗಾಳಿಗೆ ಗುಮ್ಮಟ ಬಿರುಕು ಬಿಡುತ್ತದೆ. ಎಲ್ಲರೂ ಗಾಡಿ ಹತ್ತಿ ಪಾರಾಗುವ ತನಕ ಪಂಪು ನಿಲ್ಲಬಾರದು. ನೀಲಾ-9 ಹಿಂದೆ ಉಳಿಯುತ್ತಾಳೆ. ಬಾಗಿಲು ಮುಚ್ಚುತ್ತದೆ. ಕೊನೆಯ ಚಿತ್ರದ ಚೌಕಟ್ಟು ಪೂರ್ತಿ ಕಪ್ಪು. ಮೂವತ್ತಾರು ಪುಟ ಬರೆಯಲು ಎರಡು ವರ್ಷ ಹಿಡಿಯಿತು. ಕಪ್ಪು ಚೌಕಟ್ಟು ಮುಗಿಸಿದ ದಿನ ನನ್ನ ಕಣ್ಣಲ್ಲೇ ನೀರು ಬಂದಿತ್ತು. ನನ್ನ ಬರವಣಿಗೆಗೆ ನಾನು ಅಷ್ಟು ಸುಲಭವಾಗಿ ಸೋಲುತ್ತೇನೆ.

ಪ್ರಕಾಶಕರೊಬ್ಬರಿಗೆ ಕಳಿಸಿದ್ದೆ. ಅವರು ಬಹಳ ಸೌಜನ್ಯದಿಂದ, ನಾಯಕಿಯ ಬದಲು ನಾಯಕನಿರಲಿ, ಮಂಗಳದ ಬದಲು ಚಂದ್ರನಿರಲಿ, ಹಕ್ಕು ನಮಗಿರಲಿ ಎಂದರು. ಹಾಗಾದರೆ ನನ್ನದೇನು ಉಳಿಯಿತು ಎಂದು ಲೆಕ್ಕ ಹಾಕಿ ನಾನೇ ಅಚ್ಚು ಹಾಕಿಸಲು ಹೊರಟೆ. ಒಳಪುಟದಲ್ಲಿ "ಕಥೆ, ಚಿತ್ರ, ಅಕ್ಷರ ಹಾಗೂ ಸಮಸ್ತ ಹಕ್ಕುಗಳು ನನ್ನವು" ಎಂದು ದಪ್ಪಕ್ಷರದಲ್ಲಿ ಬರೆದುಕೊಂಡೆ. ಸ್ವಾರಗೇಟಿನ ಹತ್ತಿರದ ಮುದ್ರಣದವನು ಒಳ್ಳೆಯ ಮನುಷ್ಯ, ಆದರೆ ಕನ್ನಡ ಬಾರದವನು. ನೂರು ಪ್ರತಿಗಳಲ್ಲೂ ಇಪ್ಪತ್ತೆರಡನೇ ಪುಟ ಇಪ್ಪತ್ತಮೂರರ ನಂತರ ಬಂದಿತ್ತು. ಅಂದರೆ ನೀಲಾ-9 ಮೊದಲು ಏಣಿಯಿಂದ ಬೀಳುತ್ತಿದ್ದಳು, ಆಮೇಲೆ ಏಣಿ ಹತ್ತುತ್ತಿದ್ದಳು. ಓದಿದವರು ನಗುತ್ತಾರಲ್ಲ ಎಂದು ಒಂದು ವಾರ ನಿದ್ದೆ ಕೆಟ್ಟೆ. ಆಮೇಲೆ, ಯಾರೂ ನಗುತ್ತಿಲ್ಲವಲ್ಲ ಎಂದು ನಿದ್ದೆ ಕೆಟ್ಟೆ.

ಅಭಿಪ್ರಾಯಗಳೇನೋ ಬಂದವು. ಕನ್ನಡ ಸಂಘದ ವಾಟ್ಸಾಪಿನಲ್ಲಿ ಹನ್ನೆರಡು ಹೆಬ್ಬೆರಳು, ನಾಲ್ಕು ಹೂಗುಚ್ಛ, ಮತ್ತು ಯಾರದೋ ಹುಟ್ಟುಹಬ್ಬಕ್ಕೆ ಹೋಗಬೇಕಾಗಿದ್ದ ಒಂದು ಕೇಕು ಬಂದವು. ಆಕುರ್ಡಿಯಲ್ಲಿ ಹೋಟೆಲು ನಡೆಸುವ ಶೆಟ್ಟರಿಗೆ ಐದು ಪ್ರತಿ ಕೊಟ್ಟಿದ್ದೆ. "ಭಾರೀ ಒಳ್ಳೆದುಂಟು ಮಾರಾಯ್ರೆ" ಎಂದರು. "ಮಕ್ಕಳ ಕೈಗೆ ಕೊಟ್ರೆ ಸುಮ್ಮನೆ ಕೂತು ಇಡ್ಲಿ ತಿಂತವೆ." ಕಾರ್ಖಾನೆಯಲ್ಲಿ ನನ್ನ ನಕ್ಷೆಗಳನ್ನು ತಪಾಸಣೆ ಮಾಡುವ ಮರಾಠಿ ಸಹೋದ್ಯೋಗಿ ಕನ್ನಡ ಓದಲಾರ. ಆದರೂ ಪುಟ ತಿರುಗಿಸಿ, ಪಂಪಿನ ಚಿತ್ರದ ಮೇಲೆ ಬೆರಳಿಟ್ಟು, "ಇಥೇ ಸಾತ್ ಬೋಲ್ಟ್ ಕಸೇ? ಆಠ್ ಪಾಹಿಜೇತ್" ಎಂದ. ಎಂಟು ಬೋಲ್ಟು ಬೇಕಾದಲ್ಲಿ ನಾನು ಏಳೇ ಹಾಕಿದ್ದೆ. ನನ್ನ ಹೆಂಡತಿ ಸುಧಾ ಮಾತ್ರ ಪೂರ್ತಿ ತಿರುಗಿಸಿದಳು ಎಂದುಕೊಂಡಿದ್ದೇನೆ. "ಛಲೋ ಅದರೀ, ಆದ್ರ ಎಲ್ಲಾರಿಗೂ ನಿಮ್ಮ ಮೂಗ ಬಂದದ" ಎಂದಳು. ಹೋಗಿ ಕನ್ನಡಿ ನೋಡಿಕೊಂಡು ಬಂದೆ. ನಿಜವಾಗಿತ್ತು.

ಹೀಗಿರುವಾಗ ಬೆಳಗಾವಿಯಿಂದ ನಮ್ಮ ಅತ್ತೆ, ಸುಧಾಳ ತಾಯಿ ಸುಶೀಲಾಬಾಯಿ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದರು. ಹುಡುಗಿಯರ ಶಾಲೆಯಲ್ಲಿ ಮೂವತ್ತು ವರ್ಷ ಹೊಲಿಗೆ ಕಲಿಸಿ ನಿವೃತ್ತರಾದವರು. ವಕ್ರ ಹೊಲಿಗೆಯನ್ನು ಹತ್ತು ಮಾರು ದೂರದಿಂದ ಗುರುತಿಸುತ್ತಿದ್ದ ಕಣ್ಣು ಐದಾರು ವರ್ಷದಿಂದ ಮಂಜಾಗಿತ್ತು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಕೆಲವು ವಾರ ಕಳೆದ ಮೇಲೆ ಡಾಕ್ಟರು, ಇನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಓದಬಹುದು, ದೊಡ್ಡ ಅಕ್ಷರದ್ದು, ಚಿತ್ರವಿದ್ದರೆ ಇನ್ನೂ ಒಳ್ಳೆಯದು ಎಂದರು. ಮನೆಯಲ್ಲಿ ಅಂಥ ಪುಸ್ತಕ ಇದ್ದದ್ದು ಒಂದೇ. ಅದರ ಎಪ್ಪತ್ತು ಪ್ರತಿಗಳು ಅವರು ಮಲಗುತ್ತಿದ್ದ ಮಂಚದ ಕೆಳಗೇ ಇದ್ದವು.

ಅವರು ಬಾಲ್ಕನಿಯ ಬಿಸಿಲಲ್ಲಿ ಕೂತು ದಿನಕ್ಕೆ ನಾಲ್ಕು ಪುಟದಂತೆ ಓದಿದರು. ಆರನೇ ದಿನ, "ಅಳಿಯಂದ್ರ, ಈಕಿ ಏಣಿ ಹತ್ತೂಕಿಂತ ಮೊದಲ ಬಿದ್ದಾಳಲ್ರಿ" ಎಂದಾಗ ನನಗೆ ಕುಣಿಯುವಂತಾಯಿತು. ಕೊನೆಗೂ ಒಬ್ಬ ಓದುಗರು ಸಿಕ್ಕಿದ್ದರು! ಸಂತೋಷದ ಭರದಲ್ಲಿ, "ಅತ್ತಿಯವ್ರ, ಪೂರ್ತಿ ಓದಿ ನಿಮ್ಮ ಮುಕ್ತ ಅಭಿಪ್ರಾಯ ಹೇಳ್ರಿ" ಎಂದುಬಿಟ್ಟೆ. ಒಂಬತ್ತನೇ ದಿನ ಅವರು ಮೂವತ್ತಾರನೇ ಪುಟ ಮುಟ್ಟಿದರು. ಅಂದು ನಾನು ಕಾರ್ಖಾನೆಯಿಂದ ಬಂದಾಗ ಅವರು ನನ್ನ ಕಡೆ ನೋಡದೆ, ಪಕ್ಕದಲ್ಲೇ ನಿಂತಿದ್ದ ನನ್ನನ್ನು ಬಿಟ್ಟು ಅಡಿಗೆಮನೆಯಲ್ಲಿದ್ದ ಮಗಳಿಗೆ, "ಸುಧಾ, ನಿನ್ನ ಗಂಡಗ ಹೇಳು, ಚಾ ಆರಲಿಕ್ಹತ್ತದ" ಎಂದರು.

"ಯಾಕ್ರಿ ಅತ್ತಿಯವ್ರ, ಏನಾತು?"

"ಆ ನೀಲವ್ವನ್ನ ಯಾಕ ಕೊಂದ್ರಿ?"

ನೀಲಾ-9 ನಮ್ಮ ಮನೆಯಲ್ಲಿ ಯಾವಾಗಲೋ ನೀಲವ್ವ ಆಗಿಬಿಟ್ಟಿದ್ದಳು. ಅದು ಕೊಲೆಯಲ್ಲ, ತ್ಯಾಗ. ದುರಂತವಿಲ್ಲದೆ ದೊಡ್ಡ ಸಾಹಿತ್ಯವಿಲ್ಲ. ಓದುಗರ ಮನಸ್ಸನ್ನು ಕಲಕಬೇಕು, ಎಂದೆಲ್ಲ ನಾನು ತಿಳಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ನಂದು ಕಲಕೇದ. ಮುಂದ ಏನ್ ಮಾಡ್ತೀರಿ ಹೇಳ್ರಿ" ಎಂದರು. ಆಮೇಲೆ ಒಂದೊಂದಾಗಿ ಹೊರಬಂತು. "ಆ ಗಾಡ್ಯಾಗ ಹದಿನೆಂಟು ಮಂದಿ ಗಂಡಸರು ಕುಂತಾರ, ನಾ ಎಣಿಸೀನಿ. ಒಬ್ಬರರ 'ನಾ ಇರ್ತೀನಿ, ನೀ ನಡಿ' ಅಂದ್ರೇನು? ಮೂವತ್ತಾರು ಪುಟದಾಗ ಆಕಿ ಒಂದು ತುತ್ತು ಉಂಡಿಲ್ಲ. ಆಕಿ ಅಂಗಿಗೆ ಗುಂಡಿ ಇಲ್ಲ, ಹೊಲಿಗಿ ಇಲ್ಲ, ಹಾಕ್ಕೊಂಡದ್ದು ಹೆಂಗ, ತಗಿಯೂದು ಹೆಂಗ? ಎರಡ ವರ್ಷ ಆಕಿ ಮಾರಿ ಬರದೀರಿ. ಆಕಿ ನಿಮಗ ಏನ್ ಮಾಡಿದ್ದಳು?"

ಇಷ್ಟು ಹೇಳಿ ಅವರು ನನ್ನ ಜೊತೆ ಮಾತು ನಿಲ್ಲಿಸಿದರು. ನನಗೆ ಸಿಟ್ಟು ಬಂತು. ಒಳಪುಟ ತೆಗೆದು ಸಮಸ್ತ ಹಕ್ಕುಗಳ ಸಾಲನ್ನು ತೋರಿಸಬೇಕೆನಿಸಿತು. ಎಪ್ಪತ್ತಾರು ವರ್ಷದ ಹಿರಿಯರಿಗೆ ಅದನ್ನು ತೋರಿಸುವುದು ಸಭ್ಯತೆಯಲ್ಲ ಎಂದು ಬಿಟ್ಟೆ. ನಿಜ ಹೇಳಬೇಕೆಂದರೆ ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಒಬ್ಬನೇ ನಕ್ಕೆ. ನಾನು ಗೆರೆ ಎಳೆದು ಮಾಡಿದ ಒಬ್ಬ ಹೆಂಗಸಿಗಾಗಿ ಇನ್ನೊಬ್ಬ ಹೆಂಗಸು ನನ್ನ ಜೊತೆ ಮಾತು ಬಿಟ್ಟಿದ್ದರು. ಹನ್ನೆರಡು ಹೆಬ್ಬೆರಳೂ ಸೇರಿ ಇಷ್ಟು ಮಾಡಿರಲಿಲ್ಲ. ಆದರೆ ಈ ಸುಖ ಒಂದು ದಿನದ್ದು. ವಾರವಾದರೂ ಮಾತಿಲ್ಲ. ಸುಧಾ ನಡುವೆ ನಿಂತು ಅಂಚೆಯವಳಂತೆ ಸಂದೇಶ ಸಾಗಿಸಿ ಸಾಗಿಸಿ ಬೇಸತ್ತು, "ನಿಮ್ಮ ಸಾಹಿತ್ಯ ಸಾಕ್ರಿ, ಅಕೀನ್ನ ಬದುಕಿಸಿಬಿಡ್ರಿ ಒಂದ ಸಲ" ಎಂದಳು. ಅದು ಹೇಗೆ ಸಾಧ್ಯ? ಕಥೆಯನ್ನು ನಾನೇ ಎಲ್ಲ ಕಡೆಯಿಂದಲೂ ಬಿಗಿಯಾಗಿ ಮುಚ್ಚಿದ್ದೆ. ಗುಮ್ಮಟಕ್ಕೆ ಇದ್ದದ್ದು ಒಂದೇ ಬಾಗಿಲು. ಅದು ಹೊರಗಿನಿಂದ ಹಾಕಿತ್ತು. ಈ ಬಗ್ಗೆ ನನಗೆ ಎಂಜಿನಿಯರನ ಹೆಮ್ಮೆಯೂ ಇತ್ತು.

ಮರುದಿನ ಬೆಳಿಗ್ಗೆ ಅತ್ತೆ ತಾವಾಗಿ ಕರೆದರು. ಮಡಿಲಲ್ಲಿ ಪುಸ್ತಕವಿತ್ತು, ಹದಿನಾಲ್ಕನೇ ಪುಟ.

"ಇದು ಏನ್ರಿ?"

"ಪಂಪಿನ ಮನಿ."

"ಅದರ ಹಿಂದ, ಸಣ್ಣದು?"

ಬಗ್ಗಿ ನೋಡಿದೆ. ಪಂಪಿನ ಮನೆಯ ಹಿಂದೆ, ಹೆಬ್ಬೆರಳಿನ ಉಗುರಿನಷ್ಟು, ಒಂದು ಬಾಗಿಲಿತ್ತು. ಅದಕ್ಕೆ ಹಿಡಿಕೆಯೂ ಇತ್ತು. ಕೆಳಗಿಳಿಯುವ ಎರಡು ಮೆಟ್ಟಿಲೂ ಕಾಣುತ್ತಿದ್ದವು.

"ಬಾಗಿಲಾ" ಎಂದೆ.

"ಎಲ್ಲಿಗೆ ಹೋಗ್ತದ?"

ನನಗೆ ಗೊತ್ತಿರಲಿಲ್ಲ. ಚೌಕಟ್ಟಿನ ಮೂಲೆ ಖಾಲಿ ಕಾಣುತ್ತದೆಂದು ಯಾವಾಗಲೋ ಬರೆದು ಮರೆತಿದ್ದೆ. ಕಾರ್ಖಾನೆಯ ನಕ್ಷೆಯಲ್ಲಿ ಹೀಗೆ ಸುಮ್ಮನೆ ಒಂದು ಕೊಳವೆ ಹಾಕಿದ್ದರೆ ಕೆಂಪು ಮಸಿಯಲ್ಲಿ ಸುತ್ತುಹಾಕಿ ಮೇಜಿನ ಮೇಲೆ ಎಸೆಯುತ್ತಿದ್ದರು.

"ಅದು ಸುಮ್ಮನ ಬರದದ್ರಿ."

"ಬಾಗಿಲಾ ಅಂದ ಮ್ಯಾಲೆ ಎಲ್ಲಿಗರೆ ಹೋಗಲಿಕ್ಕೇ ಬೇಕಲ್ರಿ" ಎಂದು ಅವರು ಪುಸ್ತಕ ಮುಚ್ಚಿದರು. "ಆಕಿ ಹೊರಗ ಬರೂತನಕ ನಾ ಬೆಳಗಾವಿಗೆ ಹೋಗಂಗಿಲ್ಲ."

ಎರಡನೇ ಭಾಗ ಹೀಗೆ ಹುಟ್ಟಿತು. ಮೊದಲನೆಯದಕ್ಕೆ ಎರಡು ವರ್ಷ ಹಿಡಿದಿದ್ದರೆ ಇದು ಐದು ತಿಂಗಳಲ್ಲಿ ಮುಗಿಯಿತು. ಪ್ರತಿ ಭಾನುವಾರ ಬಾಲ್ಕನಿಯಲ್ಲಿ ಒಬ್ಬರು ಕಾಯುತ್ತಿದ್ದರೆ ಕೈ ತಾನಾಗಿ ಓಡುತ್ತದೆ. ನೀಲವ್ವ ಆ ಬಾಗಿಲು ತೆರೆದು ಕೆಳಗಿಳಿದಳು. ಅಲ್ಲಿ ಹಳೆಯ ಸುರಂಗ, ಅದರಲ್ಲಿ ನೀರು, ನೀರಿದ್ದಲ್ಲಿ ಬದುಕು. ಮೂರನೇ ಪುಟದಲ್ಲಿ ಅವಳು ಡಬ್ಬಿ ತೆಗೆದು ರೊಟ್ಟಿ ತಿಂದಳು. ಅಂಗಿಗೆ ಎಡಗಡೆ ಏಳು ಗುಂಡಿ ಬಂದವು, ಕಾಜಾ ಸಮೇತ; ಅದನ್ನು ಅತ್ತೆ ಬೇರೆ ಹಾಳೆಯಲ್ಲಿ ಬರೆದು ತೋರಿಸಿದ್ದರು. ಸುಧಾಳ ಒತ್ತಾಯಕ್ಕೆ ಮೂಗನ್ನೂ ಬದಲಿಸಿದೆ. ಕೊನೆಯ ಪುಟದಲ್ಲಿ ನೀಲವ್ವ ಸುರಂಗದ ಆಚೆ ತುದಿಯಲ್ಲಿ ಹೊರಗೆ ಕಾಲಿಟ್ಟಳು. ಅಚ್ಚಾಗಿ ಬಂದ ಮೇಲೆ, ನಂಬುತ್ತೀರೋ ಇಲ್ಲವೋ, ಗುರುತಿಲ್ಲದ ಮೂರು ಜನ ಫೋನ್ ಮಾಡಿದರು. ಕನ್ನಡ ಸಂಘದವರು ಒಂದು ಭಾನುವಾರ ಮಧ್ಯಾಹ್ನ ಲೇಖಕರೊಡನೆ ಮಾತುಕತೆ ಇಟ್ಟುಕೊಂಡರು. ನಲವತ್ತು ಕುರ್ಚಿ, ಹದಿನೈದು ಜನ, ಶೆಟ್ಟರ ಹೋಟೆಲಿನಿಂದ ಬಂದ ಗೋಳಿಬಜೆ. ಅತ್ತೆ ಎರಡನೇ ಸಾಲಿನಲ್ಲಿ, ಇಳಕಲ್ ಸೀರೆ ಉಟ್ಟು ಕೂತಿದ್ದರು.

ಪ್ರಶ್ನೆ ಕೇಳಲು ಎದ್ದವಳು ಬೆಂಗಳೂರಿನಿಂದ ಬಂದು ಇಲ್ಲಿ ಕೆಲಸ ಮಾಡುವ ಹುಡುಗಿ. "ಸರ್, ಫಸ್ಟ್ ಪಾರ್ಟಲ್ಲೇ ಫೋರ್ಟೀನ್ತ್ ಪೇಜಲ್ಲಿ ಆ ಪುಟ್ಟ ಬಾಗಿಲು ಇಟ್ಟಿದ್ರಲ್ಲ, ನಾನು ವಾಪಸ್ ಹೋಗಿ ನೋಡ್ದೆ, ಸಖತ್ ಖುಷಿ ಆಯ್ತು. ಮೊದಲೇ ಎಲ್ಲ ಪ್ಲಾನ್ ಮಾಡಿದ್ರಾ?"

ನಾನು ಗಂಟಲು ಸರಿಮಾಡಿಕೊಂಡೆ. ಸತ್ಯ ಹೇಳುವುದು ತೀರಾ ಸುಲಭವಿತ್ತು. ಸತ್ಯ ಎರಡನೇ ಸಾಲಿನಲ್ಲೇ ಕೂತಿತ್ತು. "ನೋಡಿ," ಎಂದೆ, ಧ್ವನಿಯನ್ನು ಸ್ವಲ್ಪ ತಗ್ಗಿಸಿ, "ಲೇಖಕನಾದವನು ಮೊದಲ ಗೆರೆ ಎಳೆಯುವಾಗಲೇ ಕೊನೆಯ ಗೆರೆಯನ್ನು ಕಂಡಿರಬೇಕು." ಚಪ್ಪಾಳೆ ಬಿತ್ತು. ಸುಧಾ ತಲೆ ತಗ್ಗಿಸಿ ಸೆರಗಿನ ಅಂಚು ನೋಡುತ್ತಿದ್ದಳು. ಅತ್ತೆ ಮಾತ್ರ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು.

ಮನೆಗೆ ಬರುವಾಗ ರಿಕ್ಷಾದಲ್ಲಿ ಅತ್ತೆ ನನ್ನ ಪಕ್ಕ ಕೂತಿದ್ದರು. "ಭಾಳ ಛಲೋ ಮಾತಾಡಿದ್ರಿ ಅಳಿಯಂದ್ರ" ಎಂದರು. ನಾನು ಸಂಕೋಚದಿಂದ ನಕ್ಕೆ. ಒಂದು ಸಿಗ್ನಲ್ ದಾಟಿದ ಮೇಲೆ ಕೇಳಿದರು: "ಮೂರನೇ ಭಾಗದಾಗ ಏನಾಗ್ತದ, ಅದನ್ನೂ ಮೊದಲ ವಿಚಾರ ಮಾಡಿ ಇಟ್ಟೀರೇನು?"

"ಇಟ್ಟೀನ್ರಿ" ಎಂದು ಬಾಯಿಗೆ ಬಂದುಬಿಟ್ಟಿತು.

"ಹಂಗಾರ ನಾ ಹೇಳೂದು ಬ್ಯಾಡ ಬಿಡ್ರಿ. ನನಗೊಂದು ಹೊಳೆದಿತ್ತು" ಎಂದು ಅವರು ಹೊರಗೆ ನೋಡತೊಡಗಿದರು. ಮರುದಿನ ಬೆಳಿಗ್ಗೆ, ಕೊಟ್ಟ ಮಾತಿನಂತೆ, ಬೆಳಗಾವಿಯ ಬಸ್ಸು ಹತ್ತಿದರು.

ಈಗ ಆರು ಭಾನುವಾರಗಳಾದವು. ನೀಲವ್ವ ಸುರಂಗದ ತುದಿಯಲ್ಲಿ ನಿಂತೇ ಇದ್ದಾಳೆ. ನಾನು ವಾರಕ್ಕೆರಡು ಸಲ ಬೆಳಗಾವಿಗೆ ಫೋನ್ ಮಾಡಿ ಅತ್ತೆಯವರ ಕಣ್ಣಿನ ಆರೋಗ್ಯ ವಿಚಾರಿಸುತ್ತಿದ್ದೇನೆ. ಇಷ್ಟು ಕಾಳಜಿಯ ಅಳಿಯ ಯಾರಿಗೂ ಇಲ್ಲ ಎಂದು ಅವರು ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾರಂತೆ. ತಮಗೆ ಹೊಳೆದಿದ್ದದ್ದನ್ನು ಮಾತ್ರ ನನಗೆ ಹೇಳುತ್ತಿಲ್ಲ.