ಚಾಚಾನ ಒಲೆ ಗುತ್ತಿಗೆಗೆ ಹೋದಾಗ

ಫೌಜಿನಲ್ಲಿ ಗುಂಡಿಗಿಂತ ಕಾಗದವೇ ಹೆಚ್ಚು ಹಾರುತ್ತದೆ. ಅದು ಬಿದ್ದಲ್ಲೆಲ್ಲ ಒಂದು ತಮಾಷೆ ಹುಟ್ಟುತ್ತದೆ. ವಾಡಿಯವನಾದ ನಾನು ಪಲ್ಟನ್ನಿನ ಕಚೇರಿಯಲ್ಲಿ ಹವಾಲ್ದಾರನಾಗಿದ್ದಾಗ, ಖರ್ಚು ಉಳಿಸಲು ಬಟ್ಟೆ ಒಗೆಯುವುದು, ಅಡುಗೆ ಎಲ್ಲ ಗುತ್ತಿಗೆಗೆ ಕೊಡಿ ಎಂಬ ಕಾಗದ ಬಂತು. ನಮ್ಮ ಅಡುಗೆಯವರು ನನ್ನ ಕಡೆಯವರೇ ಆದ ಸುಲೇಪೇಟದ ಚಾಚಾ. ಊರಲ್ಲಿ ಅವರ ಮನೆಗೆ ಗೋಡೆ ಎದ್ದಿತ್ತು, ಮೇಲಿನ ಛತ್ತು ಬಾಕಿ ಇತ್ತು.

"ಒಲಿ ಹೋದ್ರ ಛತ್ತೂ ಹೋದಂಗ ಸಾಬ್," ಎಂದು ನನ್ನ ಮುಂದೆ ಕೂತರು. ನನಗೆ ಭಾಳ ಕೆಟ್ಟನಿಸಿತು.

ಹಸಿ ಬಟ್ಟೆ

ಮೊದಲು ಹೋದದ್ದು ಬಟ್ಟೆ. ಗುತ್ತಿಗೆಯ ಆಳು ನೀರು ಸೋರುವ ಸಮವಸ್ತ್ರಗಳನ್ನು ತಂದು ನನ್ನ ಮೇಜಿನ ಮೇಲೆ ಒಟ್ಟಿದ. ಒಣಗಿಸಲಿಲ್ಲವೇ ಎಂದರೆ ಕರಾರು ತೋರಿಸಿದ. ಅದರಲ್ಲಿ ಒಗೆಯುವುದಷ್ಟೇ ಇತ್ತು. ಕರಾರು ಟೈಪ್ ಮಾಡಿದ ಪುಣ್ಯಾತ್ಮ ನಾನೇ.

ಮಾನ ಕಾಯ್ದವರು ಚಾಚಾ. ಅಡುಗೆಮನೆ ತುಂಬ ಹಗ್ಗ ಕಟ್ಟಿ, ಒಲೆಯ ಕಾವಿಗೆ ಎಲ್ಲವನ್ನೂ ಒಣಗಿಸಿಕೊಟ್ಟರು. ಮರುದಿನ ಪರೇಡಿನಲ್ಲಿ ಇಡೀ ಪಲ್ಟನ್ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಹೊಡೆಯುತ್ತಿತ್ತು.

ಗೇಟಿನಾಚೆ

ಆಮೇಲೆ ಅಡುಗೆಯೂ ಹೋಯಿತು. ಗುತ್ತಿಗೆಯಿಂದ ಬಂದ ಹೊಸ ಅಡುಗೆಯವನಿಗೆ ಒಲೆ ಒಪ್ಪಿಸಲು ಚಾಚಾ ತಿಂಗಳ ಕೊನೆಯವರೆಗೆ ಉಳಿದಿದ್ದರು. ಅಷ್ಟರಲ್ಲಿ ಪಲ್ಟನ್ ಅಭ್ಯಾಸಕ್ಕೆಂದು ಬಯಲಿಗೆ ಹೊರಟಿತು. ಗೇಟಿನಾಚೆ ಬೇಯಿಸುವುದು ತನ್ನ ಕರಾರಿನಲ್ಲಿಲ್ಲ ಎಂದು ಹೊಸಬ ಕೂತೇಬಿಟ್ಟ. ಚಾಚಾ ಪಾತ್ರೆ, ಜೋಳದ ಹಿಟ್ಟು ಲಾರಿಗೇರಿಸಿದರು. ಆ ಧೂಳಿನಲ್ಲಿ ಕೂತು ಎಲ್ಲರಿಗೂ ಬಿಸಿ ರೊಟ್ಟಿ ಬಡಿದರು. ಅಂಥ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಸಂಜೆ ಸಾಲಿನ ಕೊನೆಯಲ್ಲಿ ತಾಟು ಹಿಡಿದು ಆ ಹೊಸಬನೇ ನಿಂತಿದ್ದ. ಗೇಟು ಹೇಗೆ ದಾಟಿದೆಯಪ್ಪ ಎಂದೆ. ಉಣ್ಣಬಾರದು ಅಂತ ಕರಾರಿನಲ್ಲಿ ಎಲ್ಲೂ ಇಲ್ಲ ಎಂದ.

ಉಳಿತಾಯ

ಚಾಚಾನಿಗೆ ಹಾರ ಹಾಕಿ, ಪಿಂಚಣಿ ಕೊಟ್ಟು ಕಳಿಸಿದೆವು. ನಾನು ಅತ್ತೇಬಿಟ್ಟೆ. ತಿಂಗಳೊಳಗೆ ಹೊಸಬ ಓಡಿಹೋದ. ಒಂದು ದಿನ ಅದೇ ಹಳೆಯ ಒಗ್ಗರಣೆ ಘಮ್ಮೆಂದಾಗ ಪಲ್ಟನ್ನಿನ ದೊಡ್ಡ ಸಾಹೇಬರೂ ನಾನೂ ಅಡುಗೆಮನೆಗೆ ಓಡಿದೆವು. ಗುತ್ತಿಗೆಯ ಆಳುಗಳ ಟೊಪ್ಪಿಗೆ ಹಾಕಿಕೊಂಡು ಚಾಚಾ ಬೇಳೆ ತಿರುವುತ್ತಿದ್ದರು.

"ಗುತ್ತಿಗೆದಾರ ಮನೀತನಕ ಬಂದು ಕೈ ಮುಗದ ಸಾಬ್. ಮೊದಲಿಗಿಂತ ಜಾಸ್ತಿ ಪಗಾರ ಕೊಡ್ಲಿಕತ್ತಾನ."

ಪಿಂಚಣಿ ಕೊಡುವವರು ನಾವು. ಪಗಾರ ಕೊಡುವ ಗುತ್ತಿಗೆದಾರನಿಗೆ ದುಡ್ಡು ಕೊಡುವವರೂ ನಾವೇ. ಸಾಹೇಬರು ತಲೆ ಹಿಡಿದುಕೊಂಡು, ಉಳಿತಾಯ ಎಲ್ಲಿ ಆಯಿತೆಂದು ಮೇಲಿನವರು ಕೇಳಿದ್ದಾರೆ, ಏನು ಬರೆಯಲಿ ಎಂದು ಹಿಂದಿಯಲ್ಲಿ ಗೋಳಾಡಿದರು.

ಚಾಚಾ ಸೌಟು ಕೆಳಗಿಡದೆ ನನಗೆ ನಮ್ಮ ಮಾತಿನಲ್ಲೇ ಹೇಳಿದರು: "ಸುಲೇಪೇಟದಾಗ ಆಗ್ಯದ ಅಂತ ಬರೀರಿ ಸಾಬ್. ಹ್ವಾದ ವಾರ ಛತ್ತು ಹಾಕ್ಸೀನಿ."