ಕರ್ನಲ್ ಒಪ್ಪಿದ ಮೇಲೆ ಮೆಮೊರಿ ಕಿತ್ತಿದ್ದು

ಕಂಪ್ಯೂಟರ್ ರಿಪೇರಿಯವನ ಬಾಳಿನಲ್ಲಿ ಯಂತ್ರ ಕೆಡುವುದಕ್ಕಿಂತ ಮಾತು ಕೆಡುವುದೇ ಹೆಚ್ಚು. ಸಾಗರದಲ್ಲಿ ಅಂಗಡಿ ಹಾಕಿದ ದಿನದಿಂದ ನಾನೊಂದು ಹೇಳುವುದು, ಕೇಳಿದವರು ಇನ್ನೊಂದು ತಿಳಿಯುವುದು ನಡೆದೇ ಇದೆ. ನಾನು ನಗುವ ಪೈಕಿಯವನಲ್ಲ. ನನ್ನ ಮುಖ ನೋಡಿದರೇ ಗಿರಾಕಿಗಳು "ಎಲ್ಲಾ ಹೋಯ್ತಾ ಸರ್?" ಎಂದು ಕುರ್ಚಿ ಎಳೆದು ಕೂತುಬಿಡುತ್ತಾರೆ. ಆದರೆ ಈ ಒಂದು ಕೆಲಸದಲ್ಲಿ ಹೆದರಿ ಹೆದರಿ ಸಾಯುತ್ತಿದ್ದಾಗಲೇ ಮೂರು ಸಲ ನಗು ತಡೆಯಬೇಕಾಗಿ ಬಂತು.

ಕೆಲಸ ತೀರ್ಥಹಳ್ಳಿಯ ಒಂದು ಸಣ್ಣ ಆಸ್ಪತ್ರೆಯದು. ಅಲ್ಲಿ ತೀವ್ರ ನಿಗಾ ಘಟಕದಲ್ಲಿ ಆರು ಹಾಸಿಗೆ, ಇಬ್ಬರು ಸಿಸ್ಟರ್. ಯಾವ ಹಾಸಿಗೆಯಲ್ಲಿ ನಾಡಿ ಏರುಪೇರಾದರೂ ಸಿಸ್ಟರ್ ಮೇಜಿನ ಮೇಲೆ ಗಂಟೆ ಬಡಿಯುತ್ತದೆ. ಆ ಗಂಟೆ ಬಡಿಸುವುದು ಒಂದು ಹಳೆಯ ದೊಡ್ಡ ಸರ್ವರ್. ಓಡುವಾಗ ಬೇಕಾದದ್ದನ್ನು ಹಿಡಿದಿಟ್ಟುಕೊಳ್ಳುವ ಅದರ ಮೆಮೊರಿ ಕಡ್ಡಿಗಳಲ್ಲಿ ಒಂದು ಕೆಡುತ್ತ ಬಂದಿತ್ತು. ಹಾಗೇ ಬಿಟ್ಟರೆ ಸರ್ವರ್ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಆಫ್ ಮಾಡಿ ಕೀಳೋಣವೆಂದರೆ, ಹಿಂದೊಮ್ಮೆ ಆಫ್ ಮಾಡಿದಾಗ ಅದು ಏಳಲು ಅರ್ಧ ದಿನ ತೆಗೆದುಕೊಂಡಿತ್ತು. ಅಷ್ಟು ಹೊತ್ತು ಇಬ್ಬರು ಸಿಸ್ಟರ್ ಆರು ಹಾಸಿಗೆಯನ್ನು ಕಣ್ಣಲ್ಲೇ ಕಾಯಬೇಕಿತ್ತು. ಆದ್ದರಿಂದ ಓಡುತ್ತಿರುವಾಗಲೇ ಕೀಳುವುದೆಂದು ತೀರ್ಮಾನವಾಯಿತು. ಅಂಥ ಯಂತ್ರಗಳಲ್ಲಿ ಅದಕ್ಕೆ ವ್ಯವಸ್ಥೆ ಇರುತ್ತದೆ.

ಇಡೀ ಯಂತ್ರವನ್ನು ಒಳಗಿನಿಂದ ನಡೆಸುವ ತಂತ್ರಾಂಶದ ತಿರುಳಿಗೆ ನಮ್ಮ ಕಸುಬಿನಲ್ಲಿ ಕರ್ನಲ್ ಎನ್ನುತ್ತೇವೆ. ಈ ಕಡ್ಡಿ ಖಾಲಿ ಮಾಡು ಎಂದು ಮೊದಲು ಅದಕ್ಕೆ ಹೇಳಬೇಕು. ಅದು ಅಲ್ಲಿರುವುದನ್ನೆಲ್ಲ ಬೇರೆ ಕಡ್ಡಿಗಳಿಗೆ ಸಾಗಿಸುತ್ತದೆ. ಎಲ್ಲ ಸಾಗಿದ ಮೇಲೆ ಕಡ್ಡಿಯ ಪಕ್ಕದ ಹಸಿರು ದೀಪ ಆರುತ್ತದೆ, ಆಗ ಕೀಳಬಹುದು. ದೀಪ ಆರುವ ಮುಂಚೆ ಕೈ ಹಾಕಿದರೆ ಸರ್ವರ್ ನಿಂತುಹೋಗುತ್ತದೆ, ಗಂಟೆಯೂ ಇಲ್ಲ.

ಖಾಲಿ ಮಾಡೇ ಕಿತ್ತಿದ್ದು

ಅದೇ ಜಾತಿಯ ಒಂದು ಹಳೆಯ ಸರ್ವರ್ ನನ್ನ ಅಂಗಡಿಯಲ್ಲಿತ್ತು. ವಾರವಿಡೀ ಅದರ ಮೇಲೆ ಅಭ್ಯಾಸ ಮಾಡಿದೆ. ಒಂದು ದಿನ ಅಡಿಕೆ ವ್ಯಾಪಾರಿಯೊಬ್ಬರು ಪ್ರಿಂಟರಿನ ಶಾಯಿಗೆ ಬಂದವರು ನನ್ನ ಕೈಕೆಲಸ ನೋಡುತ್ತ ನಿಂತರು.

"ಎಂತ ಮಾರಾಯ್ರೆ ಇದು, ಓಡೋ ಬಸ್ಸಿನ ಚಕ್ರ ಬಿಚ್ಚಿದ ಹಾಗೆ!"

"ಮೊದ್ಲು ಖಾಲಿ ಮಾಡಿಸ್ಬೇಕು. ಖಾಲಿ ಆದ್ಮೇಲೆ ಕಿತ್ರೆ ಎಂತದೂ ಆಗಲ್ಲ" ಎಂದೆ. ಕೆಲಸದ ಗುಂಗಿನಲ್ಲಿ ಅಷ್ಟೇ ಹೇಳಿ ಸುಮ್ಮನಾದೆ. ಇದು ಎಲ್ಲ ಕಂಪ್ಯೂಟರಿಗೂ ಹೊಂದುವ ಮಾತಲ್ಲವೆಂದು ಹೇಳಲಿಲ್ಲ. ಅದು ನನ್ನದೇ ತಪ್ಪು.

ಮರುದಿನ ಅವರು ತಮ್ಮ ಮನೆಯ ಕಂಪ್ಯೂಟರನ್ನು ಆಟೋದಲ್ಲಿ ಕೂರಿಸಿಕೊಂಡು ಬಂದರು. ಮುಖ ಇಳಿದಿತ್ತು.

"ನಿಧಾನ ಓಡ್ತಿತ್ತು. ಒಂದು ಕಡ್ಡಿ ತೆಗ್ದು ಒರೆಸಿ ಹಾಕಾಣ ಅಂತ ಕಿತ್ತೆ. ಪಟ್ಟಂತ ಆರೋಯ್ತು."

"ಓಡ್ತಾ ಇದ್ದಾಗ್ಲೇ ಕಿತ್ರಾ?"

"ನೀವೇ ಹೇಳಿದ್ದಲ್ವಾ? ಸುಮ್ನೆ ಕೀಳ್ಲಿಲ್ಲ ನಾನು. ಖಾಲಿ ಮಾಡೇ ಕಿತ್ತಿದ್ದು!"

ಖಾಲಿ ಮಾಡಿದ್ದು ಹೇಗೆಂದು ಕೇಳಿದೆ. ಬೆಳಿಗ್ಗೆಯಿಂದ ಕೂತು ಫೋಟೊ, ಕಾಗದಪತ್ರ, ಮಗಳ ಮದುವೆಯ ವಿಡಿಯೊ ಒಂದನ್ನೂ ಬಿಡದೆ ಅಳಿಸಿದ್ದರು. ಅವೆಲ್ಲ ಇರುವುದು ಹಾರ್ಡ್ ಡಿಸ್ಕಿನಲ್ಲಿ, ಆ ಕಡ್ಡಿಯಲ್ಲಲ್ಲ. ಎರಡು ದಿನ ಕೂತು ಹೆಚ್ಚಿನದನ್ನು ಮರಳಿ ತೆಗೆದುಕೊಟ್ಟೆ. ಮದುವೆಯ ವಿಡಿಯೊದಲ್ಲಿ ಊಟದ ಭಾಗ ಮಾತ್ರ ಬರಲಿಲ್ಲ ಎಂದು ತಲೆ ತಗ್ಗಿಸಿ ಹೇಳಿದೆ.

ಅವರು, "ಅದು ಹೋಗ್ಲಿ ಬಿಡಿ. ಆವತ್ತು ಸಾರು ಸರಿ ಇರ್ಲಿಲ್ಲ, ಬೀಗರು ಬಂದಾಗೆಲ್ಲ ಅದನ್ನೇ ಹಾಕ್ಸಿ ಆಡ್ಕೊಳ್ತಿದ್ರು" ಎಂದು ಸಮಾಧಾನದಿಂದ ಹೋದರು.

ಯಾವ ರೆಜಿಮೆಂಟು?

ಓಡುವ ಸರ್ವರ್ ಬಿಚ್ಚಲು ಆಸ್ಪತ್ರೆಯ ಟ್ರಸ್ಟಿನ ಅಧ್ಯಕ್ಷರ ಒಪ್ಪಿಗೆ ಪತ್ರ ಬೇಕಿತ್ತು. ಅವರು ಹೊಸನಗರದವರು, ನಿವೃತ್ತ ಹೆಡ್‌ಮಾಸ್ತರು. ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲೇ ಬಸ್ ಇಳಿದು ಅವರ ಮನೆಗೆ ಹೋದೆ. ಪತ್ರ ಬರೆಯಲು ಪೆನ್ನು ತೆಗೆದವರು ಕೇಳಿದರು, "ಅಪಾಯ ಇಲ್ಲ ಅಂತ ಖಾತ್ರಿ ಏನು?"

"ಕರ್ನಲ್ ಒಪ್ಪಿದ್ರೆ ಮಾತ್ರ ಕೀಳ್ತೀನಿ ಸರ್. ಒಪ್ಪದಿದ್ರೆ ಮುಟ್ಟೋದೇ ಇಲ್ಲ."

ಮಾಸ್ತರು ಕನ್ನಡಕ ಸರಿಮಾಡಿಕೊಂಡರು. "ಅವರೂ ಬರ್ತಾರಾ?"

"ಒಳಗೇ ಇರ್ತದೆ ಸರ್." ನಾನು ಹೇಳಿದ್ದು ಯಂತ್ರದ ಒಳಗೆ ಎಂದು.

"ಇರ್ತಾರೆ ಅನ್ನಿ. ದೇಶ ಕಾಯೋರಿಗೆ ಮರ್ಯಾದೆ ಕೊಡ್ಬೇಕು. ಯಾವ ರೆಜಿಮೆಂಟು?"

ಆಗ ನನಗೆ ಹೊಳೆಯಿತು. ಮಿಲಿಟರಿಯ ಕರ್ನಲ್‌ಗೂ ನಮ್ಮ ಕರ್ನಲ್‌ಗೂ ಕನ್ನಡದಲ್ಲಿ ಒಂದೇ ಕಾಗುಣಿತ. ಇದು ತಂತ್ರಾಂಶ, ಕಡ್ಡಿಯಲ್ಲಿ ಇರುವುದನ್ನೆಲ್ಲ ಎಬ್ಬಿಸಿ ಬೇರೆ ಕಡೆ ಕೂರಿಸುವುದೇ ಅದರ ಕೆಲಸ ಎಂದು ಬಿಡಿಸಿ ಹೇಳಿದೆ. ಮಾಸ್ತರ ಮುಖ ಗಂಭೀರವಾಯಿತು. ಅವರದು ಶರಾವತಿ ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ ಬಿಟ್ಟು ಬಂದ ಕುಟುಂಬ. ಚಿಕ್ಕವರಿದ್ದಾಗ ಪಾತ್ರೆಗಂಟಿನ ಮೇಲೆ ಕೂತು ಲಾರಿಯಲ್ಲಿ ಬಂದದ್ದನ್ನು ಇಂದಿಗೂ ಹೇಳುತ್ತಾರೆ.

"ಒಂದು ಮಾತು ಕೇಳ್ತೀನಿ. ಬೇರೆ ಜಾಗ ತೋರಿಸಿ ಆಮೇಲೆ ಎಬ್ಬಿಸ್ತದಾ? ಎಬ್ಬಿಸಿ ಆಮೇಲೆ ಜಾಗ ಹುಡುಕ್ತದಾ?"

"ಮೊದ್ಲು ಜಾಗ ಸರ್. ಇದ್ದದ್ದು ಇದ್ದ ಹಾಗೇ ಅಲ್ಲಿ ಹೋಗಿ ಕೂತ ಮೇಲೇ ಹಳೇ ಜಾಗ ಬಿಡ್ಸೋದು."

"ಒಂದೂ ದಾರಿ ಮೇಲೆ ಉಳಿಯಲ್ವಾ?"

"ಒಂದೂ ಉಳಿಯಲ್ಲ. ಜಾಗ ಸಿಗ್ಲಿಲ್ಲ ಅಂದ್ರೆ ಎಬ್ಬಿಸೋದೇ ಇಲ್ಲ ಅಂತ ಹೇಳ್ಬಿಡ್ತದೆ."

ಮಾಸ್ತರು ಪತ್ರ ಬರೆದು ಸಹಿ ಹಾಕಿದರು. ಬಾಗಿಲವರೆಗೆ ಬಂದು ಕೈ ಮುಗಿದು ಅಂದರು, "ಮಿಲಿಟರಿಯವರಲ್ಲದಿದ್ರೂ ಪರವಾಗಿಲ್ಲ. ಆ ನಿಮ್ಮ ಕರ್ನಲ್‌ನ ಒಂದು ಸಲ ಚುನಾವಣೆಗೆ ನಿಲ್ಸಿ."

ಮೂರನೇ ಹಾಸಿಗೆ

ತೀರ್ಥಹಳ್ಳಿಯ ಆಸ್ಪತ್ರೆಯ ಮ್ಯಾನೇಜರ್ ಕನ್ನಡಾಭಿಮಾನಿ. ಇಂಗ್ಲಿಷ್ ಪದ ಒಂದೂ ಬರಬಾರದೆಂದು ಹಟ ಹಿಡಿದು ಘಟಕದ ಬಾಗಿಲಿಗೆ ಒಂದು ಸೂಚನೆ ಅಂಟಿಸಿದ್ದರು: "ಇಂದು ಹನ್ನೊಂದು ಗಂಟೆಗೆ, ಚಾಲನೆಯಲ್ಲಿರುವಾಗಲೇ, ದೋಷಯುಕ್ತ ಸ್ಮೃತಿಯನ್ನು ಹೊರತೆಗೆಯಲಾಗುವುದು. ಸಂಬಂಧಿಕರು ಗಾಬರಿಯಾಗದೆ ಸಹಕರಿಸಬೇಕು." ಮೆಮೊರಿ ಸ್ಮೃತಿಯಾಗಿತ್ತು, ಸರ್ವರ್ ಇಂಗ್ಲಿಷ್ ಪದವಾದ್ದರಿಂದ ಅದನ್ನು ಕೈಬಿಟ್ಟೇಬಿಟ್ಟಿದ್ದರು. ನಾನು ಓದಿದೆ, ಒಳ್ಳೆಯ ಕನ್ನಡ ಎನಿಸಿತು. ತಲೆಯಲ್ಲೆಲ್ಲ ಆ ಹಸಿರು ದೀಪವೇ ಇತ್ತು, ಬೇರೇನೂ ಹೊಳೆಯಲಿಲ್ಲ.

ಸರ್ವರ್ ಕೋಣೆಗೂ ಘಟಕಕ್ಕೂ ನಡುವೆ ಒಂದು ಪ್ಲೈವುಡ್ ಗೋಡೆ ಅಷ್ಟೇ. ಅದರ ಆಚೆಗೆ ಮೂರನೇ ಹಾಸಿಗೆ. ಅಲ್ಲಿ ಎದೆನೋವೆಂದು ಬಂದ ಸಾಗರದ ಕಡೆಯ ಹವ್ಯಕ ಯಜಮಾನರೊಬ್ಬರಿದ್ದರು. ಹನ್ನೊಂದಕ್ಕೆ ಕಾಲು ಗಂಟೆ ಇರುವಾಗಲೇ ಕಡ್ಡಿ ಖಾಲಿ ಮಾಡಲು ಆದೇಶ ಕೊಟ್ಟೆ. ಕರ್ನಲ್ ಆಗುವುದಿಲ್ಲ ಎಂದಿತು. ಯಾವುದೋ ಒಂದು ಜಾಗ ಬಿಡಲೊಲ್ಲದು. ಬೆವರು ಒರೆಸಿಕೊಂಡು ಮತ್ತೆ ಕೊಟ್ಟೆ. ಈ ಸಲ ಒಂದೊಂದೇ ಸಾಗತೊಡಗಿತು. ಕಾಯುವುದಷ್ಟೇ ಉಳಿದಿತ್ತು.

ಗೋಡೆಯಾಚೆ ಯಜಮಾನರ ಹೆಂಡತಿ ಒಳಗೆ ಬಂದದ್ದು ಕೇಳಿಸಿತು. ಆಕೆಯ ದನಿ ಅಳುತ್ತಿತ್ತು.

"ನೋಡಿ, ಹನ್ನೊಂದು ಗಂಟೆಗೆ ನಿಂಗಳ ನೆನಪು ತೆಗಿತ್ವಡ. ಬಾಗಿಲ ಮೇಲೆ ಬರದ್ದ. ಆಮೇಲೆ ಎಂತದೂ ಗೊತ್ತಾಗ್ತಿಲ್ಲೆ ನಿಂಗೊಗೆ. ಅದಕ್ಕೇ ಈಗ್ಲೇ ಒಂದು ಹೇಳಿಬಿಡ್ತಿ."

ಯಜಮಾನರು ಹೂಂ ಎಂದರು.

"ನಿಂಗಳ ತಾಳಮದ್ದಳೆ ಅರ್ಥ ಬರಕಂಡ ಪಟ್ಟಿ ಪುಸ್ತಕ ಇತ್ತಲೆ, ಅದನ್ನ ಗೆದ್ದಲು ತಿಂದಿದ್ದಲ್ಲ. ಮಗುಗೆ ಜ್ವರ ಇದ್ರೂ ನಿಂಗೊ ಕೂಟಕ್ಕೆ ಹೋದಿ. ಆನು ಸಿಟ್ಟಲ್ಲಿ ಬಚ್ಚಲ ಒಲೆಗೆ ಹಾಕಿದ್ದು. ಮೂವತ್ತು ವರ್ಷ ಆತು, ಹೇಳಲೆ ಧೈರ್ಯ ಬಂಜಿಲ್ಲೆ."

ನನ್ನ ಕಣ್ಣು ಹಸಿರು ದೀಪದ ಮೇಲೆ, ಕಿವಿ ಗೋಡೆಗೆ. ದೀಪ ಆರಿತು. ಕಡ್ಡಿ ಎಳೆದೆ. ಅದು ಕೈಗೆ ಬಂದ ಗಳಿಗೆಯಲ್ಲೇ ಸಿಸ್ಟರ್ ಮೇಜಿನ ಮೇಲೆ ಗಂಟೆ ಬಡಿದುಕೊಂಡಿತು.

ಯಾರನ್ನೋ ಕೊಂದೇಬಿಟ್ಟೆ ಅಂದುಕೊಂಡೆ. ಕಡ್ಡಿ ಹಿಡಿದುಕೊಂಡೇ ಒಳಗೆ ಓಡಿದೆ. ಗಂಟೆ ನಿಲ್ಲಿಸಿ ಮೂರನೇ ಹಾಸಿಗೆಯ ಪಕ್ಕ ಬಂದಿದ್ದ ಸಿಸ್ಟರ್ ನನ್ನ ಕಡೆ ತಿರುಗಿದರು.

"ಗಂಟೆ ಬಂತಲ್ಲ ಸರ್, ನಿಮ್ಮ ಸರ್ವರ್ ಗಟ್ಟಿಯಾಗಿದೆ. ಪೇಷಂಟಿಗೂ ಏನಾಗಿಲ್ಲ, ನಗ್ತಿದ್ದಾರೆ. ಅದಕ್ಕೇ ಪಲ್ಸ್ ಏರಿದ್ದು."

ನಾನು ಗೋಡೆಗೊರಗಿ ನಿಂತೆ. ಆರು ಹಾಸಿಗೆಯೂ ಸುರಕ್ಷಿತ. ಕಣ್ಣಲ್ಲಿ ನೀರು ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ.

ಯಜಮಾನರು ಮೂಗಿನ ನಳಿಗೆ ಸರಿಮಾಡಿಕೊಳ್ಳುತ್ತ ಹೆಂಡತಿಯ ಕೈ ಹಿಡಿದಿದ್ದರು. "ಗೊತ್ತಿದ್ದೇ ಮಾರಾಯ್ತಿ. ಯಾವತ್ತೂ ಇಲ್ಲದ್ದು ಆವತ್ತು ಬಚ್ಚಲಲ್ಲಿ ಮೀವ ನೀರು ಅಷ್ಟು ಕಾದಿತ್ತು. ಗೆದ್ದಲು ತಿಂತು ಹೇಳಿ ಊರಿಗೆಲ್ಲ ಹೇಳಿದ್ದು ಆನೇ ಅಲ್ದಾ? ನಿನ್ನ ಹೆಸರು ಬರಲಾಗ ಹೇಳಿ."

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗಡಿಯಾರ ನೋಡಿದರು, ಹನ್ನೊಂದು ದಾಟಿತ್ತು. ಆಮೇಲೆ ನನ್ನ ಕೈಯಲ್ಲಿದ್ದ ಬೆರಳುದ್ದದ ಕಡ್ಡಿಯ ಮೇಲೆ ಅವರ ದೃಷ್ಟಿ ಬಿತ್ತು.

"ಏ ತಮ್ಮಾ, ಇವ್ರ ನೆನಪಲ್ಲಿ ಇಷ್ಟೇನಾ ನೀನು ತೆಗ್ದಿದ್ದು? ಮೂವತ್ತು ವರ್ಷದ್ದು ಎಲ್ಲಾ ಒಳಗೇ ಉಳ್ಕೊಂಡಿದೆ. ಸರಿಯಾಗಿ ನೋಡಿ ಇನ್ನೊಂದ್ಸಲ ತೆಗಿ!"