ಬೆಟ್ಟ ಹತ್ತಿದ ಕತ್ತರಿ

"ಬೆಟ್ಟ ಅಂದ್ರೆ ಏನೇ? ಭೂಮಿಗೆ ಒಂದು ಮಡಿಕೆ ಬಿದ್ದಿದೆ, ಅಷ್ಟೇ! ಇಸ್ತ್ರಿ ಪೆಟ್ಟಿಗೆ ಇನ್ನೊಂಚೂರು ದೊಡ್ಡದಿದ್ದಿದ್ರೆ ಇಷ್ಟೊತ್ತಿಗೆ ನಾನೇ ಅದನ್ನ ನೆಟ್ಟಗೆ ಮಾಡಿಬಿಡ್ತಿದ್ದೆ!"

ಟೈಲರ್ ಮಾಸ್ಟರು ಈ ಮಾತನ್ನು ಹೇಳಿದ್ದು ಬೆಟ್ಟದ ಬುಡದಲ್ಲಲ್ಲ. ತಮ್ಮ ಅಂಗಡಿಯಲ್ಲಿ, ಕಟಿಂಗ್ ಮೇಜಿನ ಹಿಂದೆ, ಫ್ಯಾನಿನ ನೇರ ಕೆಳಗೆ ನಿಂತು. ಚಾರಣಕ್ಕೆಂದು ಎಂಟು ಜೇಬಿನ ಪ್ಯಾಂಟು ಹೊಲಿಸಿಕೊಂಡ ಗಿರಾಕಿಯೊಬ್ಬ, "ನಾಲ್ಕು ದಿನದ ದಾರಿ ಮಾಸ್ಟ್ರೇ, ಮೂರನೇ ದಿನವಂತೂ ಜೀವ ಹಿಂಡುತ್ತೆ. ನಿಮ್ಮಂಥೋರಿಗಲ್ಲ ಬಿಡಿ" ಅಂದುಬಿಟ್ಟಿದ್ದ. "ನಿಮ್ಮಂಥೋರಿಗಲ್ಲ" ಅನ್ನುವ ಮಾತು ಕಿವಿಗೆ ಬಿದ್ದರೆ ಮಾಸ್ಟರು ಬೆಂಕಿಯ ಅಳತೆಯನ್ನೂ ತೆಗೆದು ಬರುವವರು.

"ನಮ್ಮ ಅಂಗಡಿ ಮೆಷಿನ್ನಿನ ಪೆಡಲು ತುಳಿದಿರೋದನ್ನ ನೇರವಾಗಿ ನಡೆದಿದ್ರೆ ಇಷ್ಟೊತ್ತಿಗೆ ಚಂದ್ರನ ಮೇಲೆ ಎರಡು ಬ್ರಾಂಚ್ ತೆಗೀಬಹುದಿತ್ತು!"

ಮೆಷಿನ್ನಿನ ಹಿಂದಿನಿಂದ ಹೆಂಡತಿ ತಲೆ ಎತ್ತದೆ ಕೇಳಿದಳು: "ತುಳಿದೋರು ಯಾರು ಅಂತಾನೂ ಹೇಳಿಬಿಡಿ."

ಕೇಳಬೇಕಾದ ಪ್ರಶ್ನೆಯೇ. ಆ ಅಂಗಡಿಯಲ್ಲಿ ಕೆಲಸ ಹಂಚಿಕೆ ಬಹಳ ಕಟ್ಟುನಿಟ್ಟು. ಮಾಸ್ಟರು ನಿಂತು ಬಟ್ಟೆ ಕತ್ತರಿಸುತ್ತಾರೆ, ಮಿಕ್ಕಿದ್ದೆಲ್ಲ ಆಕೆಯದು. ಪೆಡಲು ತುಳಿಯುವುದು, ಅಂಚು ಮಡಿಸುವುದು, ಗುಂಡಿ, ಕಾಜಾ ಎಲ್ಲ. ಕತ್ತರಿಯನ್ನು ಮಾತ್ರ ಆಕೆ ಮುಟ್ಟುವಂತಿರಲಿಲ್ಲ. ಅದು ಮಾಸ್ಟರ ತಂದೆಯ ಕಾಲದ ಕರಿ ಕಬ್ಬಿಣದ ಕತ್ತರಿ. ಬಿದ್ದರೆ ನೆಲಕ್ಕೇ ಪೆಟ್ಟಾಗುವಂಥದ್ದು. "ಒಂದು ಕೋಟು ನಾನೂ ಕತ್ತರಿಸ್ತೀನಿ, ಕೊಡಿ" ಎಂದು ಆಕೆ ಕೇಳಿದಾಗಲೆಲ್ಲ ಮಾಸ್ಟರದು ಒಂದೇ ಉತ್ತರ: "ಇನ್ನೂ ಕೈ ಕೂತಿಲ್ಲ ಕಣೇ. ಇನ್ನೊಂದೆರಡು ವರ್ಷ ಗುಂಡಿ ಹೊಲಿ, ನೋಡೋಣ." ಈ "ನೋಡೋಣ" ಶುರುವಾದಾಗ ತೊಟ್ಟಿಲಲ್ಲಿದ್ದ ಮಗಳು ಈಗ ತನ್ನ ಮಗುವಿನ ತೊಟ್ಟಿಲು ತೂಗುತ್ತಿದ್ದಾಳೆ. ಮಧ್ಯಾಹ್ನ ಮಾಸ್ಟರು ಗೊರಕೆ ಹೊಡೆಯುವಾಗ ಆಕೆ ಹಳೇ ಪೇಪರು ಹರಡಿಕೊಂಡು, ತರಕಾರಿ ಹೆಚ್ಚುವ ಚಾಕುವಿನಲ್ಲಿ ಕೋಟು ಕೊಯ್ಯುತ್ತಿದ್ದಳು. ಆ ಮನೆಯಲ್ಲಿ ಅದೆಷ್ಟು ಪೇಪರು ಕೋಟುಗಳು ರದ್ದಿಗೆ ಹೋದವೋ!

ಅಂತೂ ಗಂಡ ಹೆಂಡತಿ ಇಬ್ಬರೂ ಬೆಟ್ಟಕ್ಕೆ ಹೊರಟರು. ಮಾಸ್ಟರು ಉಳಿದ ಛತ್ರಿ ಬಟ್ಟೆಯಲ್ಲಿ ಅಚ್ಚು ಹೊಡೆದಂತೆ ಒಂದೇ ಥರದ ಎರಡು ಬೆನ್ನುಚೀಲ ತಯಾರು ಮಾಡಿಸಿ, ಒಂದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಗೀಟು ಹಾಕಿದರು. ಗೀಟಿನದು ಭಾರದ ಚೀಲ: ಟೆಂಟು, ಸ್ಟೌವು, ಪಾತ್ರೆ, ದಿನಸಿ. "ಇದು ಗಂಡಸಿನ ಚೀಲ" ಎಂದು ಘೋಷಿಸಿದರು. ಇನ್ನೊಂದರಲ್ಲಿ ಚಿಂದಿ ತುಂಬಿದ ಎರಡು ದಿಂಬು, ಶಾಲು, ಸ್ವೆಟರು, ಕಾಲುಚೀಲ. ಭಾರ ಇಳಿಸಬೇಕೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದರು, ಬಾಚಣಿಗೆ ಅರ್ಧ ಮಾಡಿದರು, ಟವೆಲ್ಲನ್ನು ಕರ್ಚೀಫಿನ ಮಟ್ಟಕ್ಕೆ ತಂದರು. ಇಷ್ಟೆಲ್ಲ ಉಳಿಸಿದ ಮೇಲೆ, ಆ ಮಣಭಾರದ ಕತ್ತರಿಯನ್ನು ಚರ್ಮದ ಒರೆಗೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡರು!

"ಬೆಟ್ಟಕ್ಕೆ ಅದ್ಯಾಕ್ರೀ?"

"ಯುದ್ಧಕ್ಕೆ ಹೋಗೋ ರಾಜ ಕತ್ತಿ ಮನೇಲಿಟ್ಟು ಹೋಗ್ತಾನೇನೇ?"

ಮೊದಲ ದಿನ ರಾಜರು ನಡೆದರು. ಎರಡನೇ ದಿನ ರಾಜರು ತೆವಳಿದರು. ಸಂಜೆ ಟೆಂಟಿನಲ್ಲಿ ಬಿದ್ದುಕೊಂಡು ನರಳಿದ ನರಳಾಟಕ್ಕೆ ಆಚೆ ಕಡೆಯ ಟೆಂಟಿನ ಹಲ್ಲಿನ ಡಾಕ್ಟರು, "ಯಾರಿಗಾದ್ರೂ ದವಡೆ ಹಲ್ಲು ನೋವಾ?" ಎಂದು ಬಂದು ವಿಚಾರಿಸಿಕೊಂಡು ಹೋದರು.

ಮೂರನೇ ದಿನ. ನೆತ್ತಿಯ ಮೇಲೊಂದು ತಂಗುಮನೆಯಿದೆ. ಮಧ್ಯಾಹ್ನ ಮೋಡ ಕವಿಯುವುದರೊಳಗೆ ಅದನ್ನು ಮುಟ್ಟಬೇಕು. ಬೆಳಿಗ್ಗೆ ಟೆಂಟು ಮಡಿಸಿ ಚೀಲ ತುಂಬುವುದು ಎಂದಿನಂತೆ ಹೆಂಡತಿಯ ಪಾಲಿನ ಕೆಲಸ; ಆಕಾಶ ನೋಡಿ ಅಭಿಪ್ರಾಯ ಕೊಡುವುದು ಮಾಸ್ಟರ ಪಾಲಿನದು. ಮೋಟು ಬ್ರಷ್ಷಿನಲ್ಲಿ ಹಲ್ಲಿಗಿಂತ ಬೆರಳನ್ನೇ ಹೆಚ್ಚು ಉಜ್ಜಿಕೊಂಡು ಬಂದ ಅವರು, ಗೀಟಿನ ಚೀಲಕ್ಕೆ ಕೈ ಹಾಕಿ ಹಲ್ಲು ಕಚ್ಚಿ ಎತ್ತಿದರು.

ಆಹಾ! ಹೂವು! ಚೀಲ ತಾನಾಗಿಯೇ ಬೆನ್ನೇರಿ ಕೂತಂತಿತ್ತು!

"ನೋಡಿದ್ಯಾ! ಎರಡೇ ದಿನಕ್ಕೆ ಮೈ ಹೆಂಗೆ ಪಳಗಿದೆ! ಇವತ್ತು ನಿನ್ನ ಗಂಡ ನಡೆಯಲ್ಲ ಕಣೇ, ಹಾರ್ತಾನೆ!"

"ನಿಧಾನಕ್ಕೆ ಹಾರಿ. ದಾರಿ ಉದ್ದ ಇದೆ."

"ನಿಧಾನವಾ? ಪಣ ಕಟ್ಟು! ನೀನು ನನಗಿಂತ ಮುಂಚೆ ನೆತ್ತಿ ಮುಟ್ಟಿದ್ರೆ..." ಮಾಸ್ಟರು ಸುತ್ತ ಹುಡುಕಿದರು. ಇಡಲು ಬೇರೇನೂ ಇರಲಿಲ್ಲ. ಸೊಂಟದ ಒರೆಯನ್ನು ತಟ್ಟಿದರು. "ಈ ಕತ್ತರಿ ನಿಂದು!"

ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದ ಹೆಂಡತಿಯ ಕೈ ನಿಂತಿತು.

"ಮಾತು ಅಂದ್ರೆ ಮಾತು ತಾನೆ?"

"ಮಾತೇ! ಡಾಕ್ಟ್ರೇ, ನೀವೇ ಸಾಕ್ಷಿ!"

ಹಲ್ಲಿನ ಡಾಕ್ಟರು ಬಾಯಿತುಂಬ ಬಿಸ್ಕತ್ತಿಟ್ಟುಕೊಂಡೇ ತಲೆ ಆಡಿಸಿದರು. ಹೆಂಡತಿ ತನ್ನ ಚೀಲ ಬೆನ್ನಿಗೇರಿಸಿಕೊಂಡಳು. ಏರಿಸುವಾಗ ಒಂದು ಮಂಡಿ ಊರಿದ್ದನ್ನು ಮಾಸ್ಟರು ನೋಡಲಿಲ್ಲ. ಅವರು ಹಾರುವ ತಯಾರಿಯಲ್ಲಿದ್ದರು.

ಹಾರಾಟ ಮೊದಲ ತಿರುವಿನವರೆಗೆ ನಡೆಯಿತು. ದಾರಿ ಅಲ್ಲಿಂದ ಗೋಡೆಗೆ ಏಣಿ ಇಟ್ಟಂತೆ ಮೇಲೆದ್ದಿತ್ತು. ಹೆಂಡತಿ ಪೆಡಲು ತುಳಿಯುವ ಲಯದಲ್ಲಿ ಟಕ ಟಕ ಹೆಜ್ಜೆ ಹಾಕುತ್ತ ಮುಂದೆ ಹೋದಳು. ಮಾಸ್ಟರ ಬೆನ್ನಿನ ಮೇಲೆ ಹೂವು ಕುಂಬಳಕಾಯಿಯಾಯಿತು, ಕುಂಬಳಕಾಯಿ ಬೀಸುವ ಕಲ್ಲಾಯಿತು. ಇನ್ನೆರಡು ತಿರುವು ದಾಟುವಷ್ಟರಲ್ಲಿ ಯಾರೋ ಅಂಗಡಿಯನ್ನೇ ಗಿರಾಕಿಗಳ ಸಮೇತ ಬೆನ್ನಿಗೆ ಕಟ್ಟಿದಂತಿತ್ತು!

ಆದರೆ ಕಸುಬಿನವರು ಸೋಲನ್ನು ಹಾಗೆಲ್ಲ ಒಪ್ಪುತ್ತಾರೆಯೇ? ಮಾಸ್ಟರು ಬಂಡೆಯ ಮೇಲೆ ಕೂತು ರೋಗ ಪತ್ತೆ ಮಾಡಿದರು.

"ಇದು ಭಾರದ ತೊಂದರೆ ಅಲ್ವೇ ಅಲ್ಲ. ಫಿಟಿಂಗ್ ತೊಂದರೆ! ಬಲಗಡೆ ಪಟ್ಟಿ ಎರಡು ಬೆರಳು ಉದ್ದ ಆಗಿದೆ."

ಒರೆಯಿಂದ ಕತ್ತರಿ ಹೊರಬಂತು. ಕಚಕ್! ಬಲಪಟ್ಟಿ ಎರಡು ಬೆರಳು ಹೋಯಿತು. ಕಾಲರಿಗೆ ಸದಾ ಚುಚ್ಚಿರುವ ದಾರ ಪೋಣಿಸಿದ ಸೂಜಿ ತೆಗೆದು ಹೊಲಿದರು. ಎದ್ದು ಹತ್ತು ಹೆಜ್ಜೆ ಇಟ್ಟರು. ಈಗ ಎಡಗಡೆ ಜೋತಾಡಿತು. ಕೂತರು. ಕಚಕ್! ಎದ್ದರು. ಎಡಗಡೆ ಚೂರು ಜಾಸ್ತಿ ಹೋಗಿದೆ, ಬಲಗಡೆ ಸರಿಮಾಡಬೇಕು. ಕಚಕ್! ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಒಂದು ಕಣ್ಣು ಪಟ್ಟಿಯ ಮೇಲೆ, ಒಂದು ಕಣ್ಣು ಹೆಂಡತಿಯ ಮೇಲೆ, ನಡುನಡುವೆ ಎರಡೂ ಕಣ್ಣು ಏರಿ ಬರುವ ಮೋಡದ ಮೇಲೆ.

ಮೇಲಿನ ತಿರುವಿನಿಂದ ಹೆಂಡತಿ ಕೂಗಿದಳು: "ರೀ! ಬರ್ತಾ ಇದೀರಾ?"

"ಬಂದೆ! ಪ್ರಕೃತಿ ಸೌಂದರ್ಯ ನೋಡ್ತಾ ಇದೀನಿ!"

ಅದು ಶುದ್ಧ ಸುಳ್ಳು. ಕತ್ತರಿಸಿ ಕತ್ತರಿಸಿ ಚೀಲ ಸೊಂಟ ಬಿಟ್ಟು ಬೆನ್ನಿಗೆ, ಬೆನ್ನು ಬಿಟ್ಟು ಹೆಗಲಿಗೆ, ಹೆಗಲೂ ಸಾಲದೆ ಕತ್ತಿನ ಮೇಲೇರಿ ಕೂತು ಅವರ ತಲೆಯನ್ನು ಮುಂದಕ್ಕೆ ಅದುಮಿತ್ತು. ಅಷ್ಟು ದೂರದಿಂದ ಬೆಟ್ಟ ನೋಡಲು ಬಂದ ಮನುಷ್ಯನಿಗೆ ಈಗ ಕಾಣುತ್ತಿದ್ದುದು ತನ್ನ ಎರಡು ಹೆಬ್ಬೆರಳು ಮಾತ್ರ!

ಹಿಂದಿನಿಂದ ಬಂದ ಹಲ್ಲಿನ ಡಾಕ್ಟರು ಈ ಗೂನು ಪ್ರಾಣಿಯನ್ನು ಕಂಡು ಬೆಚ್ಚಿದರು.

"ಮಾಸ್ಟ್ರೇ, ನೀವೇನಾ? ಕೊಡಿ ಚೀಲ, ಸ್ವಲ್ಪ ದೂರ ನಾನು ಹೊರ್ತೀನಿ."

"ಬೇಡ ಡಾಕ್ಟ್ರೇ! ನಿಮ್ದು ಹಲ್ಲು ಕೀಳೋ ಕೈ. ಇದನ್ನ ಎತ್ತೋಕೆ ಹೋದ್ರೆ ನಿಮ್ಮ ಸೊಂಟ ಇಲ್ಲೇ ಉಳಿಯುತ್ತೆ, ನೀವು ಮಾತ್ರ ಮೇಲಕ್ಕೆ ಹೋಗ್ತೀರಿ!"

ಡಾಕ್ಟರು ಭಯಭಕ್ತಿಯಿಂದ ಜೊತೆಗೇ ಹೆಜ್ಜೆ ಹಾಕಿದರು. ಮಾಸ್ಟರು ಏದುಸಿರಿನ ಸಂದಿಯಲ್ಲೇ ಪಾಠ ಮಾಡಿದರು: ಎತ್ತರ ಹೆಚ್ಚಿದಂತೆ ಕಬ್ಬಿಣದ ತೂಕ ಹೆಚ್ಚುತ್ತದೆ, ಸ್ಟೌವು ಈಗ ಸುಮಾರು ಎಮ್ಮೆಯಷ್ಟಾಗಿರಬೇಕು. ಹಾಗೆ ಹೇಳುತ್ತಿರುವಾಗಲೇ ಕತ್ತರಿಸಿ ಮೋಟಾದ ಪಟ್ಟಿಯಲ್ಲಿ ತೋಳು ಸಿಕ್ಕಿಕೊಂಡಿತು. ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು! ಡಾಕ್ಟರು ಒಂದು ಕಾಲನ್ನು ಬಂಡೆಗೆ ಕೊಟ್ಟು, ಹಲ್ಲು ಕೀಳುವ ವರಸೆಯಲ್ಲೇ ಆ ತೋಳನ್ನು ಕಿತ್ತು ಬಿಡಿಸಿದರು. ಅಲ್ಲಿಂದ ಚೀಲ ಮಾಸ್ಟರ ತಲೆಯೇರಿತು.

ಮೋಡ ಕವಿದು ನಾಲ್ಕು ಹನಿ ಬೀಳುವ ಹೊತ್ತಿಗೆ ಅವರು ತಂಗುಮನೆಯ ಬಾಗಿಲು ಮುಟ್ಟಿದರು. ಒಳಗೆ ಹೆಂಡತಿ ಒಲೆಯ ಮುಂದೆ ಕಾಲು ಚಾಚಿ ಎರಡನೇ ಲೋಟ ಚಹಾ ಕುಡಿಯುತ್ತಿದ್ದಳು. ಲೋಟ ಕೆಳಗಿಟ್ಟು ಕೈ ಚಾಚಿದಳು.

"ಕತ್ತರಿ."

ಮಾಸ್ಟರು ತಲೆಯ ಮೇಲಿನ ಚೀಲವನ್ನು ಬಾಗಿಲಲ್ಲೇ ಇಳಿಸಿ, ಒರೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಆಗಲ್ಲ! ಈ ಪಣ ನಡೆಯಲ್ಲ! ನಾನು ಹೊತ್ತಿದ್ದೇನು, ನೀನು ಹೊತ್ತಿದ್ದೇನು? ಒಂದು ಮನೆ ಸಂಸಾರ ನನ್ನ ತಲೆ ಮೇಲಿತ್ತು! ಡಾಕ್ಟ್ರೇ, ಸಾಕ್ಷಿ ಹೇಳಿ. ಎಂಥಾ ಭಾರ?"

"ಅಬ್ಬಾ, ಭಯಂಕರ ಭಾರ!" ಅಂದರು ಡಾಕ್ಟರು. "ತಾಳಿ, ಮಳೆಗೆ ನೆನೀತಿದೆ, ಒಳಗಿಡ್ತೀನಿ."

ಡಾಕ್ಟರು ತೋಳು ಮಡಿಸಿದರು. ಕಾಲು ಅಗಲಿಸಿ ನಿಂತರು. ಸೊಂಟ ಉಳಿಸಿಕೊಳ್ಳಲು ಮಂಡಿ ಬಗ್ಗಿಸಿ, ಎರಡೂ ಕೈಯಲ್ಲಿ ಚೀಲ ಹಿಡಿದು, ಕಣ್ಣು ಮುಚ್ಚಿ, "ಹುಪ್!" ಎಂದು ಎಳೆದರು.

ಚೀಲ ಸೂರಿಗೆ ಹಾರಿತು! ಡಾಕ್ಟರು ಅಂಗಾತ ಬಿದ್ದರು! ಅವರ ಮೇಲೆ ಮೊದಲು ಒಂದು ದಿಂಬು ಬಿತ್ತು, ಆಮೇಲೆ ಇನ್ನೊಂದು, ಅದರ ಹಿಂದೆ ಕಾಲುಚೀಲಗಳು ಒಂದೊಂದಾಗಿ, ಕಡೆಗೆ ಶಾಲು ನಿಧಾನಕ್ಕೆ ಇಳಿದು ಬಂದು ಅವರ ಮುಖ ಮುಚ್ಚಿತು.

ಶಾಲಿನ ಅಡಿಯಿಂದ ಡಾಕ್ಟರು ಕೇಳಿದರು: "ಮಾಸ್ಟ್ರೇ, ಎಮ್ಮೆ ಎಲ್ಲಿ?"

ಮಾಸ್ಟರು ಬಗ್ಗಿದರು. ಚೀಲದ ಮೇಲಿನ ಗೀಟನ್ನು ಬೆರಳಿಂದ ಮುಟ್ಟಿ ನೋಡಿದರು. ಗೀಟೇನೋ ಇತ್ತು. ಗೀಟು ಚೀಲದ ಮೇಲಿತ್ತೇ ಹೊರತು ಸಾಮಾನಿನ ಮೇಲಿರಲಿಲ್ಲವಲ್ಲ! ಹೆಂಡತಿ ಮೂಲೆಯಲ್ಲಿದ್ದ ತನ್ನ ಚೀಲದ ಬಾಯಿ ಬಿಚ್ಚಿದಳು. ಟೆಂಟು, ಸ್ಟೌವು, ಪಾತ್ರೆ, ದಿನಸಿ.

"ನೀನು... ಇದನ್ನೆಲ್ಲ ಹೊತ್ತು... ಯಾಕೆ?"

"ನಿನ್ನೆ ಅಷ್ಟೊಂದು ನರಳ್ತಿದ್ರಲ್ಲ, ನೋಡೋಕಾಗ್ಲಿಲ್ಲ. ಹೇಳಿದ್ರೆ ಕೊಡ್ತಿದ್ರಾ? ಗಂಡಸಿನ ಚೀಲ ಅಂತ ಅಪ್ಪಿಕೊಂಡು ಕೂರ್ತಿದ್ರಿ. ಅದಕ್ಕೆ ಬೆಳಿಗ್ಗೆ ತುಂಬುವಾಗ ಬದಲಾಯಿಸಿದೆ. ಪಣ ನಾನು ಕೇಳ್ಲಿಲ್ಲಪ್ಪ. ನೀವಾಗೇ ಕಟ್ಟಿದ್ರಿ."

ಅಂದರೆ, ಎರಡು ದಿಂಬಿನ ಭಾರಕ್ಕೆ ಅವರು ಅಷ್ಟೆಲ್ಲ ಬೆವರಿದ್ದರು! ದಾರಿಯುದ್ದಕ್ಕೂ ಪಟ್ಟಿಯ ಚೂರು ಉದುರಿಸಿಕೊಂಡು ಬಂದಿದ್ದರು! ಮಾಸ್ಟರು ನೆಲ ನೋಡಿದರು, ಸೂರು ನೋಡಿದರು, ಡಾಕ್ಟರನ್ನು ನೋಡಿದರು. ಡಾಕ್ಟರು ಶಾಲಿನ ಅಡಿಯಲ್ಲೇ ಕುಲುಕುಲು ನಗುತ್ತಿದ್ದರು. ಬೇರೆ ದಾರಿಯಿಲ್ಲದೆ ಒರೆ ಬಿಚ್ಚಿ, ಕತ್ತರಿಯನ್ನು ಹೆಂಡತಿಯ ಕೈಗಿಟ್ಟರು.

ಆಕೆ ಅದನ್ನು ತಿರುಗಿಸಿ ನೋಡಿದಳು. ಹಿಡಿಯೊಳಗೆ ಬೆರಳು ತೂರಿಸಿ, ಗಾಳಿಯಲ್ಲಿ ಒಮ್ಮೆ ಕಚಕ್ ಅನ್ನಿಸಿದಳು. ಶಾಲಿನ ಕೆಳಗಿನ ನಗು ನಿಂತಿತು. ಆಮೇಲೆ ಆಕೆ ಬಿದ್ದಿದ್ದ ಚೀಲವನ್ನು ಎಳೆದುಕೊಂಡು, ಟೆಂಟಿನ ಹೊದಿಕೆಯ ಅಂಚಿನಿಂದ ಎರಡು ಉದ್ದನೆಯ ಪಟ್ಟಿಗಳನ್ನು ಅಳತೆಯಿಲ್ಲದೆ, ಗೀಟಿಲ್ಲದೆ, ಕಣ್ಣಂದಾಜಿನಲ್ಲೇ ಸರ್ರನೆ ಕತ್ತರಿಸಿದಳು. ಮಾಸ್ಟರು ಕೊರಳಿನ ಟೇಪು ತೆಗೆದು ಹಿಡಿದು ನೋಡಿದರು. ಎರಡೂ ಸಮ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಅವರು ಟೇಪನ್ನು ನಿಧಾನವಾಗಿ ಸುತ್ತಿಟ್ಟರು. ಬಹಳ ಮೆತ್ತಗೆ, ಗಿರಾಕಿಯ ದನಿಯಲ್ಲಿ ಕೇಳಿದರು:

"ಊರಿಗೆ ಹೋದ್ಮೇಲೆ... ಆಗೊಮ್ಮೆ ಈಗೊಮ್ಮೆ... ಒಂದು ಕೋಟು ಕತ್ತರಿಸೋಕೆ ನನಗೂ ಕೊಡ್ತೀಯಲ್ವಾ?"

ಹೆಂಡತಿ ಪಟ್ಟಿಗಳನ್ನೂ ಚೀಲವನ್ನೂ ಅವರ ಮಡಿಲಿಗೆ ಹಾಕಿ, ಅವರ ಕಾಲರಿನಿಂದಲೇ ಸೂಜಿ ಕಿತ್ತು ಅವರ ಕೈಗೆ ಕೊಟ್ಟಳು.

"ಕೈ ಕೂರಲಿ ಕಣ್ರೀ. ಇನ್ನೊಂದೆರಡು ವರ್ಷ ಗುಂಡಿ ಹೊಲೀರಿ, ನೋಡೋಣ!"